ಅರ್ಧಕ್ಕೆ ನಿಂತ ಮಣ್ಣಿನ ಹಾಡು

ಸಿಕಮೋರ್ ಹಳ್ಳ, ಸ್ಟಿಲ್‌ವೆಲ್ ಅಂಚೆ, ಒಕ್ಲಹೋಮ
೯ ಏಪ್ರಿಲ್ ೧೯೮೪, ಸೋಮವಾರ

ಮಗಳು ಲೊರೀನ್‌ಗೆ,

ಆರೋಗ್ಯವಾಗಿದ್ದೀಯೆಂದು ನಂಬಿದ್ದೇನೆ. ಬೇಕರಿಯ ಹಿಟ್ಟಿನ ಧೂಳಿಗೆ ನಿನಗೆ ಗಂಟಲು ಕಟ್ಟುತ್ತದೆಂದು ಗೊತ್ತು. ಹೇಗೆ ಗೊತ್ತಾಯಿತೆಂದು ಕೇಳಬೇಡ. ನಿನ್ನಪ್ಪ ವರ್ಷಕ್ಕೆರಡು ಸಲ ಟ್ರ್ಯಾಕ್ಟರಿನ ಬಿಡಿಭಾಗ ತರುತ್ತೇನೆಂದು ಟಲ್ಸಾಕ್ಕೆ ಹೋಗಿ ನಿನ್ನ ಬೇಕರಿಯ ಬ್ರೆಡ್ಡಿನ ಚೀಲ ಹಿಡಿದು ಬರುತ್ತಿದ್ದರು. ಆ ಟ್ರ್ಯಾಕ್ಟರನ್ನು ನಾವು ಮಾರಿ ನಾಲ್ಕು ವರ್ಷವಾಯಿತು. ನಾನು ಕುರುಡಿಯಲ್ಲ. ಬ್ರೆಡ್ಡು ಚೆನ್ನಾಗಿತ್ತು, ಸ್ವಲ್ಪ ಉಪ್ಪು ಕಡಿಮೆ. ಗಂಟಲಿಗೆ ಬಿಸಿನೀರಲ್ಲಿ ಉಪ್ಪು ಹಾಕಿ ಮುಕ್ಕಳಿಸು, ಧೂಳಿನ ಕಡೆ ನಿಂತಾಗ ಬಾಯಿಗೆ ಬಟ್ಟೆ ಕಟ್ಟಿಕೋ.

ಕಾಡು ಈರುಳ್ಳಿ ಈ ಸಲ ಬೇಗ ಬಂದಿತ್ತು. ನಾನು ಹಳ್ಳದ ದಂಡೆಗೆ ಹೋಗಲಿಲ್ಲ. ಮೊಟ್ಟೆಯ ಜೊತೆ ಹುರಿದಿಟ್ಟರೂ ಬಾಣಲೆಯಿಂದಲೇ ಕದ್ದು ತಿನ್ನುವವರು ಮನೆಯಲ್ಲಿಲ್ಲ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಲೊರೀನ್. ನಿನ್ನಪ್ಪ ಫೆಬ್ರವರಿ ಇಪ್ಪತ್ತೊಂದರ ಬೆಳಿಗ್ಗೆ ತೀರಿಕೊಂಡರು. ಆ ಶುಕ್ರವಾರ ಮಣ್ಣು ಮಾಡಿದೆವು. ನಿನಗೆ ಯಾರೂ ಹೇಳದಿದ್ದುದಕ್ಕೆ ಕಾರಣ ನಾನು. ನಿನ್ನ ಚಿಕ್ಕಪ್ಪ ವೈಲಿ ಫೋನ್ ಮಾಡಲು ಎದ್ದಿದ್ದ. “ಬಿಡು, ಅವಳಿಗೆ ನಾನೇ ಹೇಳ್ತೀನಿ” ಎಂದು ತಡೆದೆ. ನಾನು ಹೇಳುತ್ತೇನೆಂದ ಮೇಲೆ ಊರಿನವರು ಬಾಯಿ ಬಿಡುತ್ತಾರೆಯೇ?

ನಾಲ್ಕು ದಿನ ಎದೆಯಲ್ಲಿ ಕಫ ಕಟ್ಟಿ ಮಲಗಿದ್ದರು. ನಾಲ್ಕು ದಿನ ಸಮಯವಿತ್ತು. ಗೋಡೆಯ ಫೋನಿನ ಪಕ್ಕದಲ್ಲೇ ಅವರು ಪೆನ್ಸಿಲಿನಲ್ಲಿ ಬರೆದ ನಿನ್ನ ನಂಬರಿತ್ತು. ಎರಡು ಸಲ ಕೇಳಿದರು, “ಜೆನ್ಸಿ, ಮಗು ಬಂದ್ಲಾ?” ಎಂದು. ಮೊದಲ ಸಲ “ಗಂಜಿ ಕುಡೀರಿ” ಎಂದೆ. ಎರಡನೆಯ ಸಲ “ದಾರಿಯಲ್ಲಿದ್ದಾಳೆ” ಎಂದೆ. ಚರ್ಚಿನಲ್ಲಿ ಐವತ್ತು ವರ್ಷ ಮುಂದಿನ ಬೆಂಚಿನಲ್ಲಿ ಕೂತವಳು ಸಾಯುವ ಮನುಷ್ಯನಿಗೆ ಸುಳ್ಳು ಹೇಳಿದೆ.

ಆರು ವರ್ಷದ ಹಿಂದೆ ನಾನು ಆಡಿದ ಮಾತು ನಿನಗೆ ನೆನಪಿರುತ್ತದೆ, ನನಗೂ ನೆನಪಿದೆ. ಟಲ್ಸಾ ಜಾತ್ರೆಯ ವೇದಿಕೆಯ ಮೇಲೆ ಝಾಲರಿನ ಅಂಗಿ ತೊಟ್ಟು, ಗಿಟಾರಿನವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀನು ಮಣ್ಣಿನ ಹಾಡು ಹಾಡಿದೆ. ಗೋರಿ ತುಂಬುವಾಗ ಬಿಟ್ಟು ಬೇರೆ ಹೊತ್ತಿನಲ್ಲಿ ನಮ್ಮವರ ಬಾಯಿಂದ ಬಾರದ ಹಾಡು. ಐಸ್‌ಕ್ರೀಮ್ ತಿನ್ನುತ್ತಿದ್ದವರು ಚಪ್ಪಾಳೆ ತಟ್ಟಿದರಂತೆ. ಮುಂದಿನ ಭಾನುವಾರ ಚರ್ಚಿನಲ್ಲಿ ಎಲ್ಲರೆದುರು ನಾನು ಅಂದೆ, “ಆ ಬೆಂಚು ಬಿಟ್ಟು ಏಳು. ಚಪ್ಪಾಳೆ ಗಿಟ್ಟಿಸ್ಕೊಂಡ ಬಾಯಿ ನಮ್ಮೋರ ಹೆಣಕ್ಕೆ ಬೇಡ.” ನೀನು ಮಾಡಿದ್ದು ತಪ್ಪೆಂದು ಇಂದಿಗೂ ಹೇಳುತ್ತೇನೆ. ಆದರೆ ಅದನ್ನು ಮನೆಯಲ್ಲಿ, ಬಾಗಿಲು ಹಾಕಿ ಹೇಳಬಹುದಿತ್ತು.

ಈಗ ಆ ಶುಕ್ರವಾರದ ವಿಷಯ. ಚಳಿಯಿತ್ತು, ಜನ ಬಹಳ ಬಂದಿದ್ದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದ ಮೇಲೆ ವೈಲಿ ಮತ್ತು ಅವನ ಮಕ್ಕಳು ಸಲಿಕೆ ಹಿಡಿದರು. ವೈಲಿ ಹತ್ತಿರ ಬಂದು ಮೆಲ್ಲಗೆ ಅಂದ, “ಅತ್ತಿಗೆ, ಈ ಸಲ ಹಾಡು ನೀವು ಎತ್ತಬೇಡಿ. ಚಳಿಗಾಲದ ಕೆಮ್ಮು ಇನ್ನೂ ಹೋಗಿಲ್ಲ. ಓಲಿ ಎತ್ತಲಿ.” ಓಲಿ ಅವನ ಹೆಂಡತಿ, ಒಳ್ಳೆಯ ಹೆಂಗಸು, ಶ್ರುತಿ ಮಾತ್ರ ಜಾರುತ್ತದೆ. “ನನ್ನ ಗಂಡನಿಗೆ ನಾನೇ ಹಾಡ್ತೀನಿ, ನೀನು ಸಲಿಕೆ ನೋಡ್ಕೋ” ಎಂದೆ. ಎತ್ತಿದೆ. ಶ್ರುತಿ ತುಂಬ ಮೇಲಾಯಿತು, ಓಟವೂ ಜೋರಾಯಿತು. ನಿನ್ನಪ್ಪ ಯಾವಾಗಲೂ ನಗುತ್ತಿದ್ದರಲ್ಲ, “ಜೆನ್ಸಿ ಹಾಡು ಎತ್ತಿದ್ರೆ ಸಲಿಕೆಯೋರು ಓಡಬೇಕು, ಮಗು ಎತ್ತಿದ್ರೆ ಉಸಿರು ಬಿಟ್ಕೊಂಡು ಕೆಲಸ ಮಾಡಬಹುದು” ಎಂದು. ಎರಡನೆಯ ಚರಣಕ್ಕೆ ದನಿಗೂಡಿಸುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಕೈಬಿಟ್ಟರು. ಮೂರನೆಯದರಲ್ಲಿ ನಾನೊಬ್ಬಳೇ. ಆಮೇಲೆ ನನ್ನ ಗಂಟಲೂ ಒಡೆಯಿತು.

ಎತ್ತಿದವಳಿಗೆ ದಣಿವಾದರೆ ಯಾರನ್ನು ನೋಡುತ್ತಾಳೋ ಅವರು ಹಾಡನ್ನು ತೆಗೆದುಕೊಳ್ಳಬೇಕು, ಅವಳು ನೋಡದೆ ಬೇರೆ ಯಾರೂ ಮುಂದಾಗಿ ಎತ್ತುವಂತಿಲ್ಲ. ನಿನಗೆ ನಾನೇ ಕಲಿಸಿದ್ದು. ನಾನು ಎಡಕ್ಕೆ ತಿರುಗಿ ನೋಡಿದೆ. ನೀನು ಹನ್ನೆರಡನೆಯ ವಯಸ್ಸಿನಿಂದ ನಿಲ್ಲುತ್ತಿದ್ದ ಜಾಗ. ಅಲ್ಲಿ ಯಾರೂ ನಿಂತಿರಲಿಲ್ಲ, ಆರು ವರ್ಷದಿಂದ ಯಾರನ್ನೂ ನಿಲ್ಲಲು ನಾನು ಬಿಟ್ಟಿಲ್ಲ. ಓಲಿ ನನ್ನ ಬಲಗಡೆ ಕಾಯುತ್ತಿದ್ದಳು. ನಾನು ಅವಳತ್ತ ನೋಡಬೇಕಿತ್ತು. ಕತ್ತು ತಿರುಗಲಿಲ್ಲ.

ಹಾಡು ನಿಂತಿತು. ಸಲಿಕೆಗಳೂ ನಿಂತವು. ಪೆಟ್ಟಿಗೆ ಇನ್ನೂ ಪೂರ್ತಿ ಮುಚ್ಚಿರಲಿಲ್ಲ, ತಲೆಯ ಕಡೆಯ ಮರ ಕಾಣುತ್ತಿತ್ತು. ಕೊನೆಗೆ ವೈಲಿ ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಸುಮ್ಮನೆ ಮಣ್ಣು ಎಳೆಯತೊಡಗಿದ. ಬರಿಯ ಮರದ ಮೇಲೆ ಸಲಿಕೆಯ ಮಣ್ಣು ಬೀಳುವ ಸದ್ದು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ, ಲೊರೀನ್. ಅದು ಕೇಳದಿರಲಿ ಎಂದೇ ಹಾಡುತ್ತಾರೆಂದು ಅರವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು.

ಅಂದಿನಿಂದ ನಾನು ಚರ್ಚಿನಲ್ಲಿ ಹಾಡು ಎತ್ತಿಲ್ಲ. ಓಲಿ ಎತ್ತುತ್ತಾಳೆ. ಜಾರುತ್ತದೆ, ನಾನು ಏನೂ ಹೇಳುವುದಿಲ್ಲ. ಮನೆಯಲ್ಲಿ ಎಲ್ಲ ಸರಿಯಾಗಿದೆ. ವೈಲಿ ಕಟ್ಟಿಗೆ ಒಡೆದು ಕೊಡುತ್ತಾನೆ. ನನ್ನ ಬಗ್ಗೆ ಚಿಂತೆ ಮಾಡುವ ಅಗತ್ಯವಿಲ್ಲ. ನಿನ್ನ ಮೇಲೆ, ನಿನ್ನ ಗಂಟಲಿನ ಮೇಲೆ ದೇವರ ಕೈ ಇರಲಿ.

ನಿನ್ನ ತಾಯಿ,
ಜೆನ್ಸಿ ಕೆಚರ್

ಮರೆತಿದ್ದೆ, ವೈಲಿ ಅಂಚೆಗೆ ಹೊರಟು ನಿಂತಿದ್ದಾನೆ. ಗೋರಿಗಳಿಗೆ ಹೂವಿಡುವ ದಿನ ಮೇ ಇಪ್ಪತ್ತೇಳು, ಭಾನುವಾರ. ಚಳಿಗಾಲದಲ್ಲಿ ಕುಸಿದ ಗೋರಿಗಳಿಗೆ ಅಂದು ಹೊಸ ಮಣ್ಣು ಹಾಕುತ್ತಾರೆ, ನಿನ್ನಪ್ಪನದು ತಲೆಯ ಕಡೆ ಒಂದು ಗೇಣು ಇಳಿದಿದೆ. ಅವರ ಹಾಡಿನ ಪುಸ್ತಕವನ್ನು ಅವರ ಜೊತೆ ಪೆಟ್ಟಿಗೆಯಲ್ಲಿಡಲು ತೆಗೆದಿದ್ದೆ, ಇಡಲಿಲ್ಲ. ಅಂಚೆಯಲ್ಲಿ ಕಳಿಸುವುದಿಲ್ಲ, ಬಂದು ತೆಗೆದುಕೋ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ನೋಡಬೇಡ. ಆದರೆ ಆ ಹಾಡನ್ನು ಮೊದಲ ಚರಣದಿಂದ ನೀನು ಎತ್ತು, ನಿನ್ನ ಶ್ರುತಿಗೆ. ನಾನು ಎಡಗಡೆ ನಿಂತಿರುತ್ತೇನೆ.