ಆಡದೇ ಉಳಿದ ಕೊನೆಯ ಸೀನಿನ ಬಗ್ಗೆ

ಇಲ್ಲ, ಮಾನ್ಯರೇ. ನಾಟಕ ಮನೆ ಮುರಿದಿಲ್ಲ. ಹೋದ ಬುಧವಾರ ಕುಟುಂಬ ಸಲಹಾ ಕಚೇರಿಯ ನಿಮ್ಮ ಖೋಲಿಯಲ್ಲಿ, ನನ್ನ ಅಕ್ಕ ಜಗದೇವಿ ಮತ್ತು ಅವಳ ಗಂಡನ ಎದುರು ನೀವು ಆಡಿದ ಮಾತಿಗೆ ಇದು ಉತ್ತರ. ಆ ಮಾತನ್ನು ನೀವು ಎಲ್ಲೂ ಬರೆದುಕೊಡಲಿಲ್ಲ. ಬಾಯಲ್ಲಿ ಹೇಳಿದಿರಿ, ಆಮೇಲೆ ಚಹಾ ಕುಡಿದಿರಿ. ಅಲ್ಲಿ ನನಗೆ ಮಾತು ಹೊರಡಲಿಲ್ಲ, ಅದಕ್ಕೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಪಾಲಿಶ್ ಮಷಿನ್ ಹಿಡಿದವನು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಸಿಟ್ಟು ಬಂದು ಬರೆಯಲು ಕೂತೆ, ಈಗ ಸಿಟ್ಟೂ ಸರಿಯಾಗಿ ಬರುತ್ತಿಲ್ಲ. ಮಷಿನ್ ಹಿಡಿದ ಕೈ ಸಂಜೆಗೆ ಜೋಮು ಹಿಡಿಯುತ್ತದಲ್ಲ, ಒಳಗೆಲ್ಲ ಹಾಗಾಗಿದೆ.

ನೀವು ಹೇಳಿದ್ದು ಇಷ್ಟು: "ಸಿನಿಮಾ, ನಾಟಕ ನೋಡೇ ಹೆಣ್ಮಕ್ಕಳ ತಲಿ ಕೆಡ್ತದ. ಹೆಂಡ್ತಿ ಗಂಡನ್ನ ಬಿಟ್ಟು ಹೋಗೂದು ನೀವು ಸ್ಟೇಜ್ ಮ್ಯಾಲ ತೋರಿಸಿದ್ರಿ, ಇಕಿ ಅದನ್ನ ಖರೇ ಮಾಡಿದ್ಳು." ಆಮೇಲೆ ಸಾಹಿತ್ಯದಿಂದ ಸಮಾಜಕ್ಕೆ ಒಳ್ಳೆಯ ಸಂದೇಶ ಹೋಗಬೇಕು ಎಂದಿರಿ. ಬರುವ ಬುಧವಾರ ಅಕ್ಕನನ್ನು ಗಂಡನ ಜೊತೆ ಸೇಡಂಗೆ ಕಳಿಸಿಕೊಡುತ್ತೇನೆಂದು ನಾನು ಎಲ್ಲರ ಎದುರು ಒಪ್ಪಬೇಕು ಎಂದಿರಿ. ಆಕೆ ಈಗ ಇರುವುದು ದಂಡೋತಿಯ ನನ್ನ ಮನೆಯಲ್ಲಿ. ನಾನು ಹ್ಞೂಂ ಅಂದರೆ ಆಕೆಗೆ ಬೇರೆ ಜಾಗವಿಲ್ಲ. ಇದು ನಿಮಗೂ ಗೊತ್ತು, ಅವಳ ಗಂಡನಿಗೂ ಗೊತ್ತು.

ಆ ನಾಟಕದ ಸಂದೇಶ ಯಾರದು ಅನ್ನುವುದನ್ನು ಮೊದಲು ಇತ್ಯರ್ಥ ಮಾಡೋಣ. ಯುಗಾದಿ ಆದ ಮೇಲೆ ನಮ್ಮ ಊರಿನ ಹುಡುಗರು ವರ್ಷಕ್ಕೊಂದು ಸಾಮಾಜಿಕ ನಾಟಕ ಆಡುತ್ತೇವೆ. ಹೆಣ್ಣಿನ ಪಾತ್ರಕ್ಕೆ ಹೊರಗಿನಿಂದ ನಟಿಯನ್ನು ಕರೆಸುವುದು ರೂಢಿ, ಈ ಸಲ ತುಳಜಾಬಾಯಿ ಬಂದಿದ್ದರು. ಕಲಿಸಿದವರು ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ಮಾಸ್ತರ ಮಜೀದಸಾಬ. ಕುಡಿದು ಹೆಂಡತಿಯನ್ನು ಬಡಿಯುವ ಗಂಡ ನಾನು. ಪುಸ್ತಕದಲ್ಲಿದ್ದ ಕತೆ ನಿಮ್ಮ ಮನಸ್ಸಿಗೆ ಒಪ್ಪುವಂಥದ್ದೇ: ಹೆಂಡತಿ ಮನೆ ಬಿಟ್ಟು ತವರಿಗೆ ಹೋಗುತ್ತಾಳೆ, ಕೊನೆಯ ಸೀನಿನಲ್ಲಿ ಗಂಡ ಬಂದು ಕಾಲಿಗೆ ಬಿದ್ದು ಅಳುತ್ತಾನೆ, ಆಕೆ ಸೆರಗಿನಿಂದ ಅವನ ಕಣ್ಣೊರೆಸಿ ವಾಪಸು ಹೊರಡುತ್ತಾಳೆ, ಮಂಗಳ. ಬಡಿಯುವುದನ್ನು ನಾನು ಒಂದೇ ದಿನಕ್ಕೆ ಕಲಿತೆ. ಅಳುವುದನ್ನು ಮಾತ್ರ ಮಾಸ್ತರರು ತಿಂಗಳಿಡೀ ಕಲಿಸಿದರು. "ಇನ್ನೂ ಅಳೋ ಬೇಟಾ, ಮಂದಿ ನಿನ್ನ ಮಾಫ್ ಮಾಡಬೇಕು," ಅನ್ನುತ್ತಿದ್ದರು.

ಆ ಸೀನು ಆಡಲೇ ಇಲ್ಲ. ಏಕೆ ಅಂತ ಕೇಳಿ. ಪರದೆ ಏಳುವ ಮೊದಲು ಅತಿಥಿಗಳಿಗೆ ಶಾಲು ಹೊದಿಸಿ ಮಾತಾಡಿಸಬೇಕಲ್ಲ? ಶಾಲು ಹೊದ್ದವರೆಲ್ಲ ಮಾತಾಡಿದರು. ಎಲ್ಲರಿಗಿಂತ ಹೆಚ್ಚು ಮಾತಾಡಿದವರು ಮುಖ್ಯ ಅತಿಥಿಗಳಾದ ತಾವು. ವಿಷಯ, ರಂಗಭೂಮಿಯಿಂದ ನೀತಿಪಾಠ. ನಮ್ಮ ಕಡೆಯ ಹುಡುಗರು ಪಾತ್ರದ ಬಣ್ಣ ಹಚ್ಚಿಕೊಂಡೇ ಪರದೆಯ ಹಿಂದೆ ಒಂದು ನಿದ್ದೆ ಮುಗಿಸಿದರು. ತುಳಜಾಬಾಯಿಗೆ ಮರುದಿನ ರಾಯಚೂರು ಕಡೆ ಇನ್ನೊಂದು ನಾಟಕ, ಬೆಳಗಿನ ರೈಲು ವಾಡಿ ಜಂಕ್ಷನ್ನಿನಲ್ಲಿ ಹಿಡಿಯಬೇಕಿತ್ತು. ಹೆಂಡತಿ ಮನೆ ಬಿಟ್ಟು ಹೋಗುವ ಸೀನು ಮುಗಿಯುವ ಹೊತ್ತಿಗೆ ಆಟೋ ಬಂದು ನಿಂತಿತ್ತು. ಆಕೆ ಸ್ಟೇಜಿನಿಂದ ಇಳಿದವರು ಹಾಗೇ ಹತ್ತಿ ಹೋದರು. ಮಜೀದಸಾಬರು ಬೇರೆ ದಾರಿಯಿಲ್ಲದೆ ಮಂಗಳದ ಧಾಟಿ ನುಡಿಸಿಬಿಟ್ಟರು. ನಾನು ನೀರು ಬರಲೆಂದು ಕಣ್ಣ ಕೆಳಗೆ ತಲೆನೋವಿನ ಬಾಮು ಹಚ್ಚಿಕೊಂಡು, ಅಳಲು ತಯಾರಾಗಿ, ಪರದೆಯ ಹಿಂದೆ ನಿಂತಿದ್ದೆ. ನಿಮ್ಮ ಸಂದೇಶವನ್ನು ನಿಮ್ಮ ಭಾಷಣವೇ ತಿಂದು ಹಾಕಿತು, ಸಾಹೇಬರೇ. ಈಗ ಬಿಲ್ಲು ನನ್ನ ಅಕ್ಕನ ಹೆಸರಿಗೆ ಬರೆಯುತ್ತಿದ್ದೀರಿ.

ಹಬ್ಬಕ್ಕೆ ತವರಿಗೆ ಬಂದಿದ್ದ ಅಕ್ಕ ಹೆಂಗಸರ ನಡುವೆ ಕೂತು ನೋಡಿದ್ದಳು. ಮನೆಗೆ ನಡೆಯುವಾಗ, ನಾಟಕ ಅರ್ಧಕ್ಕೇ ನಿಂತಿತು ಎಂದು ನಾನು ಗೊಣಗಿದೆ.

"ಆಕಿ ಹೋದ ಮ್ಯಾಲ ಏನೂ ಆಗ್ಲಿಲ್ಲಲ್ಲೋ ತಮ್ಮಾ," ಅಂದಳು. "ಮಂದಿ ಎದ್ದು ಚಾಪಿ ಸುತ್ಕೊಂಡು ಮನಿಗಿ ಹೋದ್ರು."

ಇನ್ನೊಂದು ಸೀನು ಇತ್ತು, ಗಂಡ ಬಂದು ಅಳುತ್ತಿದ್ದ ಎಂದು ಹೇಳಿದೆ. ಆಕೆ ನಕ್ಕಳು. "ಅದು ಗೊತ್ತದ ಬಿಡು. ಎಲ್ಲಾ ಸಿನಿಮಾದಾಗ ಅದೇ ಇರ್ತದ. ಅದರ ಸಲುವಾಗೇ ಇಷ್ಟು ದಿನ ಕುಂತಿದ್ದೆ ನಾ." ಅಂದಿನಿಂದ ಆಕೆ ಸೇಡಂಗೆ ವಾಪಸು ಹೋಗಿಲ್ಲ.

ಕೆಟ್ಟ ಸಂದೇಶದಿಂದ ಜನ ಕೆಡುತ್ತಾರೆ, ಒಳ್ಳೆಯ ಸಂದೇಶದಿಂದ ಉದ್ಧಾರವಾಗುತ್ತಾರೆ ಎನ್ನುತ್ತೀರಿ. ನನ್ನ ಅಕ್ಕನಿಗೆ ಸಿಕ್ಕಿದ್ದೆಲ್ಲ ಒಳ್ಳೆಯ ಸಂದೇಶವೇ. ಶಾಲೆಯ ಪಾಠದಲ್ಲಿ ತಾಳಿಕೊಂಡವಳು ಗೆದ್ದಳು, ಟಿವಿ ಧಾರಾವಾಹಿಯಲ್ಲಿ ತಾಳಿಕೊಂಡವಳು ಗೆದ್ದಳು, ಸೇಡಂನ ಟಾಕೀಜಿನಲ್ಲೂ ಗೆದ್ದಳು. ಹೊಡೆತ ತಿಂದವಳು ಸುಮ್ಮನಿದ್ದರೆ ಕೊನೆಗೆ ಗಂಡನ ಕಣ್ಣಲ್ಲಿ ನೀರು ಬಂದೇ ಬರುತ್ತದೆ ಎಂದು ಅವಳಿಗೆ ಇಡೀ ಲೋಕ ಹೇಳಿಕೊಟ್ಟಿತ್ತು. ಎಡಗಿವಿಯಿಂದ ರಕ್ತ ಬಂದ ದಿನವೂ, ಇವತ್ತು ಅಳುತ್ತಾನೆ ಎಂದು ಕಾದಳಂತೆ. ಅವನು ಅಂಗಡಿಗೆ ಹೋಗಿ ಗುಟಕಾ ತಂದ. ಆ ಕಿವಿ ಈಗ ಕೇಳುವುದಿಲ್ಲ. ಇದು ಯಾವ ಕೆಟ್ಟ ಸಿನಿಮಾದ ಪರಿಣಾಮ, ಹೇಳಿ?

ಇನ್ನೊಂದು ಪ್ರಶ್ನೆ. ನಾಟಕ ನೋಡಿ ಜನ ಬದಲಾಗುವುದಾದರೆ ಬರೀ ಹೆಂಗಸರೇ ಏಕೆ ಬದಲಾಗಬೇಕು? ಆ ದಿನ ನಾನು ಸ್ಟೇಜಿನ ಮೇಲೆ ಹೆಂಡತಿಯ ಜುಟ್ಟು ಹಿಡಿದಾಗ ಗಂಡಸರ ಕಡೆಯಿಂದ ಸೀಟಿ ಬಿತ್ತು. ಸೀಟಿ ಹೊಡೆದವರನ್ನು ಯಾರೂ ನಿಮ್ಮ ಕಚೇರಿಗೆ ಕರೆಸಲಿಲ್ಲ. ನಾಟಕಕ್ಕೆಂದು ಬಂದಿದ್ದ ಅಕ್ಕನ ಗಂಡನೂ ಅಲ್ಲೇ ಕುರ್ಚಿಯಲ್ಲಿ ಕೂತಿದ್ದ. ಅವನ ತಲೆಗೆ ಏನೂ ಹೋಗಲಿಲ್ಲವೇ? ಹೋಗಿದೆ. ಅವನೂ ಅವೇ ಸಿನಿಮಾ ನೋಡಿದ್ದಾನೆ. ಎಷ್ಟು ಬಡಿದರೂ ಕೊನೆಗೆ ಒಮ್ಮೆ ಅತ್ತರೆ ಸಾಕು ಅನ್ನುವುದನ್ನು ಅವನು ಚೆನ್ನಾಗಿ ಕಲಿತಿದ್ದಾನೆ.

ಹೋದ ಬುಧವಾರ ನಿಮ್ಮ ಖೋಲಿಯಲ್ಲಿ ಅವನು ಅತ್ತ. ತಿಂಗಳು ತಾಲೀಮು ಮಾಡಿದವನಾಗಿ ಹೇಳುತ್ತೇನೆ, ನನಗಿಂತ ಚಲೋ ಅತ್ತ. ಬಾಮು ಬೇಕಾಗಲಿಲ್ಲ. "ನೋಡವ್ವಾ, ಗಂಡಸಾಗಿ ಅಳಾಕತ್ತಾನ. ಇನ್ನೇನು ಬೇಕು ನಿನಗ?" ಎಂದಿರಿ. ಅಕ್ಕ ತಲೆ ಆಡಿಸಿದಳು. ಒಪ್ಪಿದಳು ಎಂದು ನೀವು ಖುಷಿಪಟ್ಟಿರಿ. ಸಾಹೇಬರೇ, ನೀವು ಕೂತಿದ್ದು ಅವಳ ಎಡಕ್ಕೆ. ಕೇಳಿಸದಿದ್ದಾಗ ಆಕೆ ತಲೆ ಆಡಿಸುತ್ತಾಳೆ. ಗಂಡನ ಮನೆಯಲ್ಲಿ ಕಲಿತದ್ದು ಅದು, ಹಾಗೆ ಮಾಡಿದರೆ ಎರಡನೆಯ ಹೊಡೆತ ಬೀಳುವುದಿಲ್ಲ.

ಅಷ್ಟಕ್ಕೆ ನಿಲ್ಲಿಸಲಿಲ್ಲ ನೀವು. ಕೊನೆಯ ಸೀನು ಸೇರಿಸಿ ನಾಟಕ ಮತ್ತೊಮ್ಮೆ ಆಡಿ, ದಂಪತಿಯನ್ನು ಮುಂದಿನ ಸಾಲಿನಲ್ಲಿ ಕೂಡಿಸಿ, ತಾಲೂಕಿಗೇ ಮಾದರಿಯಾಗುತ್ತದೆ ಎಂದಿರಿ. ಮಜೀದಸಾಬರಿಗೆ ಹೋಗಿ ಹೇಳಿದೆ. ಅವರು ಬೀಡಿ ಹಚ್ಚಿದರು. "ಪೇಟಿ ಹರದದ ಅಂತ ಹೇಳು ಸಾಹೇಬರಿಗೆ," ಅಂದರು. ಪೇಟಿ ಹರಿದಿಲ್ಲ.

ನನಗೆ ಬೇಕಾದದ್ದು ಸಂದೇಶವಲ್ಲ. ಅವಳ ಕಿವಿಯನ್ನು ಸರಕಾರಿ ಡಾಕ್ಟರರಿಗೆ ತೋರಿಸಿ, ಅವರು ಹೇಳಿದ್ದನ್ನು ನಿಮ್ಮ ಫೈಲಿಗೆ ಹಚ್ಚಿ. ರಾಜಿ ಎಂಬ ಶಬ್ದ ತೆಗೆದು, ಕಾನೂನಿನಲ್ಲಿ ಯಾವ ದಾರಿ ಇದೆಯೋ ಆ ದಾರಿಗೆ, ಕೋರ್ಟಿಗೆ, ಅವಳ ಅರ್ಜಿ ಕಳಿಸಿ. ಅವನ ಎದುರು ಕುರ್ಚಿ ಹಾಕಿ ಅವಳನ್ನು ಮತ್ತೆ ಕೂಡಿಸಬೇಡಿ. ಬರುವ ಬುಧವಾರ ಆಕೆ ಬರುವುದಿಲ್ಲ. ಕಳಿಸುತ್ತೇನೆ ಎಂದು ನಾನು ಹೇಳುವುದಿಲ್ಲ. ನನ್ನ ಮನೆಯಲ್ಲಿ ಇರುವುದು ಒಂದೇ ಖೋಲಿ. ಅದರಲ್ಲಿ ಅರ್ಧ ಅವಳದು, ನೀವು ಏನೇ ಬರೆದುಕೊಳ್ಳಿ.

ಈ ಪತ್ರವನ್ನು ಪೇಪರಿನವರಿಗೆ ಕೊಟ್ಟಿದ್ದೇನೆ. ಇನ್ನೊಂದು ಪ್ರತಿ ತಂದು ನಿಮ್ಮ ಟೇಬಲಿನ ಮೇಲೆ ನಾನೇ ಇಡುತ್ತೇನೆ. ಚಹಾ ತರಿಸಬೇಡಿ, ಕುಂದ್ರು ಅನ್ನಬೇಡಿ. ನಿಮ್ಮ ಖೋಲಿಯ ಬಾಗಿಲು ಮಳೆಗೆ ಉಬ್ಬಿದೆ, ಜೋರಾಗಿ ಎಳೆದರಷ್ಟೇ ಮುಚ್ಚುತ್ತದೆ. ಹೋಗುವಾಗ ಎಳೆದುಕೊಂಡು ಹೋಗುತ್ತೇನೆ. ಸದ್ದಾಗುತ್ತದೆ.

ಇಂತಿ,
ಇದರ ಕೆಳಗೆ ‘ತಮ್ಮ ವಿಧೇಯ’ ಎಂದು ಬರೆಯಬೇಕಂತೆ, ನನಗೆ ಬರೆಯಲು ಬರಲಿಲ್ಲ.
ಬರೀ ಮಲ್ಲು, ದಂಡೋತಿ