ಗುಡಿಯೆದುರಿನ ತಿರುವು

ಚನ್ನಗಿರಿ
೯ ನವೆಂಬರ್ ೨೦೨೫

ಪ್ರೀತಿಯ ಮೇಘಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತು. ಕೆಲಸವಿತ್ತೆಂದು ನೆಪ ಹೇಳುವುದಿಲ್ಲ. ನೀನು ಫೋನ್ ಆಫ್ ಮಾಡಿಟ್ಟಿದ್ದಕ್ಕೆ ನನಗೆ ಬೇಸರವೂ ಇಲ್ಲ. ಜಗಳೂರಿನಲ್ಲಿ ಚಳಿ ಶುರುವಾಯಿತೇ? ಅಜ್ಜಿ ಪಕ್ಕದ ಮನೆಯ ಫೋನಿನಿಂದ ಮಾತಾಡಿದಳು. "ನಿನ್ ಮಗಳು ತಟ್ಟೆ ಮುಂದೆ ಕುಂತು ಗೋಡೆ ನೋಡ್ತಾಳೆ. ಅದೇನು ದೋಣಿ ಹುಚ್ಚು ಹಿಡಿಸಿದ್ಯೋ" ಎಂದು ನನ್ನನ್ನೇ ಬೈದಳು.

ಇಲ್ಲಿ ನಮ್ಮ ತಂಡ ಮುಗಿಯಿತು. ಹಾಯಿದೋಣಿಯನ್ನು ಸೂಳೆಕೆರೆಯ ಏರಿಯ ಪಕ್ಕ ಮಗುಚಿ ಹಾಕಿದ್ದಾರೆ. ಅದರ ಮೇಲೆ ಯಾರೋ ಸೀರೆ ಒಣಹಾಕಿದ್ದರು. ಸ್ಪರ್ಧೆಗೆ ನಮ್ಮನ್ನು ಹುರಿದುಂಬಿಸಿದ ಸತೀಶ್ ಕುಮಾರನೇ ಈಗ, "ಸಾರ್, ಪುಸ್ತಕ ಓದಿ ದೋಣಿ ಬಿಡಾಕೆ ಹೋದ್ರೆ ಹಿಂಗೇ ಆಗೋದು" ಎನ್ನುತ್ತಾನೆ. ನಾನು ತಲೆಯಾಡಿಸಿ ಮುಂದೆ ಹೋಗುತ್ತೇನೆ.

"ಹಗ್ಗ ಬಿಟ್ಟಿದ್ದು ನಾನು ಅಂತ ಸುದೀಪನ ತಾಯಿ ಕಲ್ಲಮ್ಮನಿಗೆ ಹೇಳು" ಎಂದು ಬರೆದಿದ್ದೀಯ. ನಾನು ಕಂಡದ್ದನ್ನು ಒಮ್ಮೆ ಬರೆಯುತ್ತೇನೆ, ನಮ್ಮಿಬ್ಬರಲ್ಲೇ ಇರಲಿ.

ಲೈಫ್ ಜಾಕೆಟ್ಟಿನ ಬಕಲ್ ಹಾಕದೆ ಯಾರೂ ದೋಣಿ ಹತ್ತುತ್ತಿರಲಿಲ್ಲ. ಚುಕ್ಕಾಣಿ ಹಿಡಿದ ನಾನು "ತಿರುಗಿಸ್ತೀನಿ" ಅಂದರೆ ನೀನು, ಸುದೀಪ ಇಬ್ಬರೂ "ಹೂಂ" ಅನ್ನಬೇಕು, ಆಮೇಲೆ ತಿರುವು. ಸ್ಪರ್ಧೆಯ ದಿನವೂ ಕೇಳಿದೆ. ಇಬ್ಬರೂ ಹೂಂ ಅಂದಿರಿ. ಹೊನ್ನಾಳಿಯವರ ದೋಣಿ ಬೆನ್ನಿಗೇ ಇತ್ತು. ಸುತ್ತಿ ತಿರುಗಬೇಕಾದ ಗುರುತಿನ ಡ್ರಮ್ಮು ತೇಲುತ್ತಿದ್ದದ್ದು ಏರಿ ಮೇಲಿನ ಗುಡಿಗೆ ನೇರ ಎದುರಿಗೆ. "ದಡ ಮುಟ್ಟಿದ ಮ್ಯಾಲೆ ಕೈ ಮುಗಿಯೇ ತಾಯಿ, ದೇವ್ರೇನು ಓಡಿಹೋಗಾಕಿಲ್ಲ" ಎಂದು ಸುದೀಪ ಅಭ್ಯಾಸದ ದಿನಗಳಲ್ಲಿ ನಿನ್ನನ್ನು ಛೇಡಿಸುತ್ತಿದ್ದ. ಬಸ್ಸಿನಲ್ಲಿ ಕೂತಾಗಲೂ ಗುಡಿ ಕಂಡರೆ ನಿನ್ನ ಎರಡೂ ಕೈ ತಾವಾಗಿ ಸೇರುತ್ತವೆ. ಅವತ್ತೂ ಸೇರಿದವು. ನೀನು ಮೆಲ್ಲಗೆ ಬಿಡಬೇಕಾದ ಹಾಯಿಯ ಹಗ್ಗ ಒಮ್ಮೆಲೇ ಸಡಿಲಾಯಿತು. ಹಾಯಿಯ ಅಡಿಯ ಕೊಳವೆ ಬೀಸಿ ಬಂದು, ಆಚೆ ಬದಿಗೆ ದಾಟುತ್ತಿದ್ದ ಸುದೀಪನ ತಲೆಗೆ ಬಡಿಯಿತು.

ಜಾಕೆಟ್ ತನ್ನ ಕೆಲಸ ಮಾಡಿತು. ನೀರಿಗೆ ಬಿದ್ದವನು ಮುಖ ಮೇಲಾಗಿಯೇ ತೇಲುತ್ತಿದ್ದ, ಉಸಿರು ಮಾತ್ರ ಇರಲಿಲ್ಲ. ತಲೆಗೆ ಏನಾದರೂ ಹಾಕಬೇಕೆಂದು ನಮಗೆ ಹೊಳೆದೇ ಇರಲಿಲ್ಲ. ನಾವು ನೀರಿಗೆ ಮಾತ್ರ ಹೆದರಿದ್ದೆವು.

ದಡದಲ್ಲಿ ಕೇಳಿದವರಿಗೆಲ್ಲ, ಪೊಲೀಸರಿಗೂ, ನಾನೇ ಹೇಳದೆ ತಿರುಗಿಸಿಬಿಟ್ಟೆ ಎಂದೆ. ಅದನ್ನು ತ್ಯಾಗ ಅಂದುಕೊಳ್ಳಬೇಡ. ನಿನ್ನ ಕೈಗಳು ಆಗಲೂ ಮುಗಿದೇ ಇದ್ದವು. ಬೇರೆಯವರು ಅದನ್ನು ನೋಡಬಾರದು ಅನ್ನಿಸಿತು, ಅಷ್ಟೇ.

ಅಜ್ಜಿಗಾಗಿಯಾದರೂ ಒಂದು ತುತ್ತು ಉಣ್ಣು. ನಿನಗೆ ನಿದ್ದೆ ಬರಲಿ. ಸದ್ಯಕ್ಕೆ ಅದಕ್ಕಿಂತ ದೊಡ್ಡ ಆಶೀರ್ವಾದ ನನ್ನಲ್ಲಿಲ್ಲ.

ನಿನ್ನ ಅಪ್ಪ,
ಪ್ರಸನ್ನಕುಮಾರ್

ತಾ.ಕ.: ಮೊನ್ನೆ ಕೆರೆಬಿಳಚಿಗೆ, ಕಲ್ಲಮ್ಮನ ಮನೆಗೆ ಹೋಗಿದ್ದೆ. ನೀನು ಬರೆದದ್ದನ್ನು ಹೇಳಲೆಂದೇ ಹೋದದ್ದು. ನಾನು ಬಾಯಿ ತೆರೆಯುವ ಮೊದಲೇ ಆಕೆ, "ಬರ್ರಿ, ಕೂತ್ಕಳ್ರಿ. ನಿಮ್ ಮ್ಯಾಲೆ ನಂಗೆ ಸಿಟ್ಟಿಲ್ಲ, ಬೇಕಂತ ಮಾಡಿದ್ದಲ್ಲ. ಆ ಮಾತು ಇನ್ನ ಎತ್ತಬ್ಯಾಡ್ರಿ" ಅಂದಳು. ಟೀ ಕೊಟ್ಟಳು. ಕುಡಿದೆ. ಆ ಕ್ಷಮೆ ನಿನಗೆ ಸೇರಬೇಕಾದದ್ದು, ಮಗಳೇ. ನಾನು ಇಸಕೊಂಡು ಬಂದುಬಿಟ್ಟೆ. ಈಗ ನಿಜ ಹೇಳಿದರೆ ಆಕೆ ಮತ್ತೆ ಮೊದಲಿನಿಂದ ಶುರುಮಾಡಬೇಕು. ಇನ್ನೊಂದು ಸಲ ಕೊಡುವಷ್ಟು ಆಕೆಯಲ್ಲಿ ಉಳಿದಿಲ್ಲ. ಮುಖ ನೋಡಿದರೆ ತಿಳಿಯುತ್ತದೆ.