ಅಕ್ಟೋಬರ್ ಹದಿನೈದರ ಖಾಲಿ ಹಾಳೆ

ಹೊಸ ದಕ್ಕೆ, ಅಘನಾಶಿನಿ ಅಳಿವೆ
ಸನ್ 2194, ಹಸಿರು ನೀರಿನ ಹನ್ನೊಂದನೆಯ ದಿನ, ಬೆಳಗಿನ ಇಳಿತದ ಹೊತ್ತು

ಅಳಿವೆಯ ನೋಟ್‌ಬುಕ್ ಬರೆದವರಿಗೆ,

ಈ ತಾರೀಕು ನೋಡಿ ನಿಮಗೆ ನಗು ಬರಬಹುದು. ನಗಿ, ಅಡ್ಡಿಯಿಲ್ಲ. ನಿಮ್ಮ ಹೆಸರು ಗೊತ್ತಿಲ್ಲದ್ದರಿಂದ ಹೀಗೆ ಕರೆಯಬೇಕಾಯಿತು. ನಿಮ್ಮ ನೋಟ್‌ಬುಕ್ ನಮ್ಮಲ್ಲಿ ಉಳಿದಿದೆ, ಬರೆದ ಪ್ರತಿ ಹಾಳೆಯ ಕೆಳಗೂ ಸಹಿ ಹಾಕಿದ್ದೀರಿ, ಆದರೆ ಅದು ಸೀಗಡಿಯ ಮೀಸೆಯ ಹಾಗಿದೆ. ನೂರಾ ಅರುವತ್ತೆಂಟು ವರ್ಷಗಳಲ್ಲಿ ಯಾರಿಗೂ ಓದಲು ಬಂದಿಲ್ಲ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮವೂ ನಮಗೆ ಹಾಗೆಯೇ. ನೀವು ಸಸ್ಯಪ್ಲವಕ ಎಂದು ಬರೆದದ್ದನ್ನು ನಾವು ತೇಲುಸೊಪ್ಪು ಎನ್ನುತ್ತೇವೆ. ಇಂಗಾಲದ ಡೈಆಕ್ಸೈಡ್‌ಗೆ ನಮ್ಮಲ್ಲಿ ಹಿರೀಕರ ಹೊಗೆ ಎಂದು ಹೆಸರು. ಹಿರೀಕರು ಎಂದರೆ ನೀವೇ. ಬೇಸರ ಮಾಡಿಕೊಳ್ಳಬೇಡಿ.

ನಾನು ತುಳಸಾ, ಈ ಊರಿನ ನೀರುನೋಡಿ. ದಿನಾ ಬೆಳಿಗ್ಗೆ ಬಿಳಿ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿ, ಅದು ಎಷ್ಟು ಮೊಳಕ್ಕೆ ಕಣ್ಮರೆಯಾಯಿತು ಎಂದು ಅಳೆಯುತ್ತೇನೆ. ರೇಷ್ಮೆಬಲೆಯಲ್ಲಿ ಸೋಸಿದ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅದರಲ್ಲಿರುವ ತೇಲುಸೊಪ್ಪನ್ನು ಎಣಿಸುತ್ತೇನೆ. ಆಮೇಲೆ ನೀರನ್ನು ಮೂಸುತ್ತೇನೆ. ಈ ಸೊಪ್ಪಿನಲ್ಲಿ ಗಾಜುಚಿಪ್ಪಿನ ಜಾತಿಯದು ಮೀನಿಗೂ ಕೆಸರಿನ ಚಿಪ್ಪಿ ಬೆಳಚಿಗೂ ಒಳ್ಳೆಯ ಊಟ. ಬಾಲದ ಜಾತಿಯಲ್ಲಿ ಕೆಲವು ವಿಷ ಮಾಡುತ್ತವೆ. ಅದನ್ನು ತಿಂದ ಬೆಳಚಿಗೆ ಏನೂ ಆಗುವುದಿಲ್ಲ, ಚಿಪ್ಪು ಮುಚ್ಚಿಕೊಂಡು ಆರಾಮವಾಗಿ ಕೆಸರಿನಲ್ಲಿ ಕೂತಿರುತ್ತದೆ. ಬೆಳಚು ತಿಂದ ಮನುಷ್ಯನಿಗೆ ಮೊದಲು ತುಟಿ ಜುಮ್ಮೆನ್ನುತ್ತದೆ, ಆಮೇಲೆ ಬೆರಳು, ಕೊನೆಗೆ ಉಸಿರು ನಿಲ್ಲುತ್ತದೆ.

ನಿಮ್ಮ ಕಾಲದವರು ಬಿಟ್ಟ ಹೊಗೆಯನ್ನು ಕಡಲು ಇನ್ನೂ ಕುಡಿಯುತ್ತಲೇ ಇದೆ. ತೇಲುಸೊಪ್ಪು ಅದನ್ನು ಉಂಡು ಬೆಳೆಯುತ್ತದೆ ನಿಜ, ಆದರೆ ಬರೀ ಗಂಜಿತಿಳಿ ಕುಡಿದ ಮೈ ಅದರದು, ಸತ್ವವಿಲ್ಲ. ಮೇಲಿನ ನೀರು ಕಾದು ಹಗುರಾಗಿ ಕೂತಿರುವುದರಿಂದ ತಳದ ತಂಪು ನೀರಿನ ಸಾರ ಮೇಲಕ್ಕೆ ಏರುವುದೇ ಕಡಿಮೆ. ಹಾಗಾಗಿ ನಮ್ಮ ಬಂಗಡೆಗಳಿಗೆ ತಲೆ ದೊಡ್ಡದು, ಮೈ ಸಣ್ಣದು. ನಮ್ಮ ಹಿಂದಿನ ತಲೆಮಾರಿನವರು ಇದಕ್ಕೆ ಒಂದು ಉಪಾಯ ಹುಡುಕಿದರು. ಕಡಲಿಗೆ ಹಸಿವಾಗಿದೆಯಲ್ಲ, ಬಡಿಸಿದರಾಯಿತು ಎಂದರು. ಕಕ್ಕಸಿನ ತೊಟ್ಟಿಗಳ ನೀರನ್ನು, ಗದ್ದೆಯ ಗೊಬ್ಬರದ ಬಸಿನೀರನ್ನು ಕೂಡಿಹಾಕಿ ಅಮಾವಾಸ್ಯೆಯ ಇಳಿತಕ್ಕೆ ಅಳಿವೆಗೆ ಬಿಡುವುದು. ಇದಕ್ಕೆ ಸಾರನೀರು ಎಂದು ಹೆಸರು. ನೀವು ಗೊತ್ತಿಲ್ಲದೆ ಬಿಟ್ಟದ್ದನ್ನು ನಾವು ಅರಿಶಿನ ಕುಂಕುಮ ಹಚ್ಚಿ ಬಿಡುತ್ತೇವೆ. ನಾಲ್ಕೇ ದಿನದಲ್ಲಿ ನೀರು ಹಸಿರಾಗುತ್ತದೆ, ಹೆಂಗಸರು ಮಡಿಲು ತುಂಬಿತೆಂದು ಹಾಡು ಹೇಳುತ್ತಾರೆ. ಹಸಿರು ಯಾವ ಜಾತಿಯದು ಎಂದು ಕೇಳುವವಳು ನಾನೊಬ್ಬಳೇ, ಆದ್ದರಿಂದ ನನ್ನನ್ನು ಕಂಡರೆ ಯಾರಿಗೂ ಅಷ್ಟಕ್ಕಷ್ಟೆ.

ಇಲ್ಲೊಂದು ಕಟ್ಟಳೆ ಇದೆ. ಬೆಳಚಿನ ಹಂಗಾಮು ತೆರೆಯುವ ದಿನ ಮೊದಲ ಬೆಳಚನ್ನು ನೀರುನೋಡಿಯ ಮನೆಯವರೇ ತಿನ್ನಬೇಕು. ನಾನಲ್ಲ, ನನ್ನ ಮನೆಯವರು. ತನ್ನ ಜೀವದ ಮೇಲೆ ಯಾರಾದರೂ ಜೂಜಾಡಿಯಾರು, ಮನೆಯವರ ಜೀವದ ಮೇಲೆ ಆಡಲಾರರು ಎಂದು ಇದನ್ನು ಮಾಡಿದವರ ಲೆಕ್ಕ. ನನಗಿರುವುದು ಒಬ್ಬಳೇ ತಂಗಿ, ದುರ್ಗಿ. ಈಗ ಅರ್ಧ ಗಂಟೆಯ ಹಿಂದೆ ಅವಳು ಹಸಿಮೆಣಸು ಅರೆದು ಬೇಯಿಸಿದ ಆರು ಬೆಳಚು ತಿಂದು ಬದುವಿನ ಮೇಲೆ ಕೂತಿದ್ದಾಳೆ. ಸಂಜೆಯ ಇಳಿತದವರೆಗೆ ಚೆನ್ನಾಗಿದ್ದರೆ ನೀರು ಎಲ್ಲರದ್ದು. ಮುನ್ನೂರು ಮನೆಗಳವರು ಬುಟ್ಟಿ ಹಿಡಿದು ಅವಳ ತುಟಿಯನ್ನೇ ನೋಡುತ್ತಿದ್ದಾರೆ. ನನಗೆ ನೋಡಲಾಗದೆ ಈ ಕಾಗದ ಬರೆಯುತ್ತಿದ್ದೇನೆ.

ಸತ್ಯ ಹೇಳಿಬಿಡುತ್ತೇನೆ. ಎಣಿಕೆಯಲ್ಲಿ ಗಾಜುಚಿಪ್ಪಿನವೇ ಹೆಚ್ಚಿದ್ದವು, ಆದರೆ ನೀರಿಗೆ ಕೊಳೆತ ಸೌತೆಕಾಯಿಯ ವಾಸನೆ ಇತ್ತು. ಅಂಥ ವಾಸನೆಯನ್ನು ನಾನು ಮೂಸಿರಲಿಲ್ಲ, ಓದಿದ್ದೆ, ನಿಮ್ಮ ನೋಟ್‌ಬುಕ್ಕಿನಲ್ಲಿ. 2026ರ ಅಕ್ಟೋಬರ್ ಹದಿನಾಲ್ಕು: "ನೀರು ಹಸಿರು. ತಟ್ಟೆ ಎರಡು ಮೊಳಕ್ಕೆ ಮಾಯ. ಕೊಳೆತ ಸೌತೆಕಾಯಿ ವಾಸನೆ. ಜನ ಬೆಳಚು ತೆಗೆಯುತ್ತಿದ್ದಾರೆ. ನಾಳೆ ನೋಡೋಣ." ಹದಿನೈದಕ್ಕೆ ತಾರೀಕು ಮಾತ್ರ ಇದೆ, ಹಾಳೆ ಖಾಲಿ. ಅದರ ಮುಂದಿನದು ನವೆಂಬರ್ ಎರಡು: "ನೀರು ತಿಳಿಯಾಗಿದೆ." ನಡುವೆ ಎಲ್ಲಿ ಹೋಗಿದ್ದಿರಿ ಮಾರಾಯರೇ? ಜ್ವರವೇ? ರಜೆಯೇ? ಎರಡು ದಿನ ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಕೊನೆಗೆ, ಕೆಟ್ಟದ್ದೇನಾದರೂ ಆಗಿದ್ದರೆ ಬರೆಯುತ್ತಿದ್ದಿರಿ ಎಂದುಕೊಂಡೆ. ಖಾಲಿ ಹಾಳೆಯನ್ನು 'ಏನೂ ಆಗಲಿಲ್ಲ' ಎಂದು ಓದಿಕೊಂಡೆ. ಊರಿನವರ ಹೊಟ್ಟೆಯೂ ಖಾಲಿಯಿತ್ತು, ನನ್ನದೂ. ನೀರು ಒಳ್ಳೆಯದಿದೆ ಎಂದು ಕೂಗಿಸಿಬಿಟ್ಟೆ.

ದುರ್ಗಿ ಈಗ ಸೆರಗಿನಿಂದ ತುಟಿ ಒರೆಸಿಕೊಂಡಳು. ಇದು ಎರಡನೆಯ ಸಲ. ಹೋಗಿ ಕೇಳಿ ಬಂದೆ. "ಎಂತದೂ ಆಗ್ಲಿಲ್ಲ ಅಕ್ಕಾ, ಮೆಣಸಿನ ಖಾರ ಅದು. ನೀ ಸುಮ್ನೆ ಕೂತ್ಕ" ಎಂದಳು. ಖಾರವೇ ಇರಬೇಕು. ಮೆಣಸು ಹಾಕಬೇಡ ಎಂದಿದ್ದೆ, ಕೇಳಲಿಲ್ಲ. ಚಿಕ್ಕಂದಿನಿಂದಲೂ ಹಾಗೇ.

ಬರಹ ಇಲ್ಲಿಗೆ ನಿಂತಿತ್ತು. ಈಗ ಸಂಜೆ.

ಅವಳು ಬುಟ್ಟಿಯ ಹಗ್ಗಕ್ಕೆ ಗಂಟು ಹಾಕಲು ಹೋದಳು. ಕಣ್ಣು ಮುಚ್ಚಿಕೊಂಡೇ ಬಲೆ ನೇಯುವ ಕೈ ಅದು, ಗಂಟು ಬೀಳಲಿಲ್ಲ. ಮೂರು ಸಲ ಮಾಡಿ, ನನ್ನ ಕಡೆ ನೋಡಿ ನಕ್ಕಳು. ನಾನು ಓಡಿಹೋಗಿ ಕಂಬಕ್ಕೆ ಕೆಂಪು ಬಟ್ಟೆ ಏರಿಸಿದೆ. ಮುನ್ನೂರು ಬುಟ್ಟಿಗಳೂ ಖಾಲಿಯೇ ಹಿಂದಿರುಗಿದವು. ಅಷ್ಟರಲ್ಲಿ ದುರ್ಗಿಗೆ ಉಸಿರು ಕಟ್ಟತೊಡಗಿತ್ತು. ದೋಣಿ ಡಾಕ್ಟರ್ ಲವೀನಾಬಾಯಿ ಬಂದು ಅವಳ ಬಾಯಿಗೆ ಉಸಿರಿನ ತಿದಿ ಕಟ್ಟಿದ್ದಾರೆ. ಕಮ್ಮಾರರ ತಿದಿಯಂಥದ್ದೇ, ನಾನೂ ಅವರೂ ಸರದಿಯಲ್ಲಿ ಒತ್ತುತ್ತಿದ್ದೇವೆ, ಈಗ ಅವರ ಸರದಿ. ವಿಷ ತಾನಾಗಿ ಇಳಿಯುವವರೆಗೆ ಒತ್ತುತ್ತಿರಬೇಕು, ಬೇರೆ ಮದ್ದಿಲ್ಲವಂತೆ. ಬದುಕುತ್ತಾಳಾ ಎಂದು ಕೇಳಿದೆ. "ನಾಳೆ ನೋಡುವಾ" ಎಂದರು. ನಿಮ್ಮದೇ ಮಾತು. ನೀವು ಬರೆದಾಗ ಅದೆಷ್ಟು ಚಿಕ್ಕದಾಗಿ ಕಂಡಿತ್ತು!

ನನಗೆ ನಿಮ್ಮ ಮೇಲೆ ಬಹಳ ಸಿಟ್ಟಿದೆ. ನನ್ನ ಮೇಲೆ ಇರುವಷ್ಟಿಲ್ಲ. ಈ ಕಾಗದ ನಿಮಗೆ ಹದಿನಾಲ್ಕರ ಸಂಜೆ ತಲುಪಿದರೆ ಒಂದು ಉಪಕಾರ ಮಾಡಿ. ನಾಳೆ ಬೆಳಿಗ್ಗೆ ಎದ್ದು ಅಳಿವೆಗೆ ಹೋಗಿ. ಬೆಳಚು ತಿಂದವರ ಮನೆ ಬಾಗಿಲು ತಟ್ಟಿ, ತುಟಿ ಹೇಗಿದೆ ಎಂದು ಕೇಳಿ. ಕೇಳಿದ್ದನ್ನು ಬರೆಯಿರಿ. ಏನೂ ಆಗದಿದ್ದರೆ ಏನೂ ಆಗಲಿಲ್ಲ ಎಂದಾದರೂ ಬರೆಯಿರಿ.

ನಿಮ್ಮ ಅಪ್ಪಣೆಯಿಲ್ಲದೆ ಆ ಖಾಲಿ ಹಾಳೆಯಲ್ಲಿ ನಾನೂ ಬರೆದಿದ್ದೇನೆ: "ನೀರು ಹಸಿರು. ಕೊಳೆತ ಸೌತೆಕಾಯಿ ವಾಸನೆ. ನನ್ನ ತಂಗಿ ಆರು ಬೆಳಚು ತಿಂದಳು. ಯಾರೂ ತಿನ್ನಬೇಡಿ." ಕೆಳಗಿನ ಅರ್ಧದಲ್ಲಿ, ಒತ್ತೊತ್ತಾಗಿ, ಓದಲು ಬರುವಂಥ ಸಹಿ ಹಾಕಿ ಬರೆದಿದ್ದೇನೆ. ಮೇಲಿನ ಅರ್ಧ ನಿಮಗೆಂದು ಬಿಟ್ಟಿದ್ದೇನೆ.

ಲವೀನಾಬಾಯಿ ಕರೆಯುತ್ತಿದ್ದಾರೆ. ತಿದಿ ಒತ್ತುವುದು ಈಗ ನನ್ನ ಸರದಿ.

ತುಳಸಾ